ಒಂಟಿ ಕುಲದ ಮರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹೆಣ್ಣು ಕೊಡುವವರು ಗಂಡಿನ ಮನೆಯವರನ್ನು ಎಷ್ಟು ಎಕರೆ ಎಂದು ಕೇಳುವುದಕ್ಕಿಂತ ಮೊದಲು "ಎಷ್ಟು ಮರ ಅವೆ?" ಎಂದು ಕೇಳುತ್ತಾರೆ. ಯಾವ ಮರ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬದುವಿನ ಮೇಲೆ ಬೇವು, ಹುಣಸೆ, ಹಲಸು ಎಷ್ಟಿದ್ದರೂ ಅವು ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿ ಮರ ಎಂದರೆ ತೆಂಗು, ಕಾಯಿ ಎಂದರೆ ತೆಂಗಿನಕಾಯಿ, ತೋಟ ಎಂದರೆ ತೆಂಗಿನ ತೋಟ. ಮರದ ಲೆಕ್ಕ ಒಪ್ಪಿಗೆಯಾದ ಮೇಲೆ ಮಾತು ಮನುಷ್ಯರ ಕಡೆಗೆ ತಿರುಗುತ್ತದೆ. ಕುಲ ಯಾವುದು, ಬೆಡಗು ಯಾವುದು, ಅಣ್ಣತಮ್ಮಂದಿರು ಎಷ್ಟು ಜನ, ದಾಯಾದಿಗಳೊಂದಿಗೆ ವ್ಯಾಜ್ಯ ಏನಾದರೂ ಇದೆಯೇ, ಎಲ್ಲವೂ ವಿಚಾರಣೆಗೆ ಬರುತ್ತದೆ. ಮರದ ಕುಲವನ್ನು ಮಾತ್ರ ಯಾರೂ ವಿಚಾರಿಸಿದ್ದಿಲ್ಲ. ವಿಚಾರಿಸಿದ್ದರೆ ಹೆಣ್ಣಿನ ಕಡೆಯವರಿಗೆ ಕೊಂಚ ಗಾಬರಿಯೇ ಆಗುತ್ತಿತ್ತು. ಅಷ್ಟು ದೊಡ್ಡ ಮನೆಯಲ್ಲಿ ಇರುವುದು ಅದೊಂದೇ ಜೀವ.

ಆಲ, ಅರಳಿ, ಅತ್ತಿ, ಬಸರಿ ಇವೆಲ್ಲ ಸಸ್ಯಶಾಸ್ತ್ರದವರ ದಫ್ತರದಲ್ಲಿ ಫೈಕಸ್ ಎಂಬ ಒಂದೇ ಕುಲ. ಆ ಕುಲದಲ್ಲಿ 800ಕ್ಕೂ ಹೆಚ್ಚು ಪ್ರಭೇದಗಳಿವೆ, ಜಾತ್ರೆಯಂಥ ಮನೆತನ. ನಮ್ಮ ಹಳ್ಳದ ದಂಡೆಯ ಈಚಲಿಗೂ ಖರ್ಜೂರವೂ ಸೇರಿದಂತೆ ಹತ್ತಾರು ಒಡಹುಟ್ಟಿದವರಿದ್ದಾರೆ. ಅಡಿಕೆಗೂ ಅಷ್ಟೇ, ಆಗ್ನೇಯ ಏಷ್ಯಾದ ಕಾಡುಗಳ ತುಂಬ ತಮ್ಮ ತಂಗಿಯರು. ತೆಂಗಿನ ಕುಲದ ಹೆಸರು ಕೋಕೋಸ್. ಅದರಲ್ಲಿರುವ ಪ್ರಭೇದ ಒಂದೇ ಒಂದು, ಕೋಕೋಸ್ ನ್ಯೂಸಿಫೆರ. ಗಿಡ್ಡ ಮರವೋ ಎತ್ತರದ ಮರವೋ, ಕಾಯಿ ಹಸಿರೋ ಕಿತ್ತಳೆಯೋ, ತಿಪಟೂರಿನದೋ ಫಿಜಿಯದೋ, ಎಲ್ಲವೂ ಅದೇ.

ಹಿಂದೆ ಹೀಗಿರಲಿಲ್ಲ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಮರಕ್ಕೆ ಹೆಸರಿಟ್ಟ ಮೇಲೆ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು, ಅದರಲ್ಲೂ ಬ್ರೆಜಿಲ್ ಸುತ್ತಿ ಬಂದ ಜರ್ಮನಿಯ ಮಾರ್ಷಿಯಸ್, ದಕ್ಷಿಣ ಅಮೆರಿಕದ ಹತ್ತಾರು ಮರಗಳನ್ನು ತಂದು ಇದೇ ಮನೆಗೆ ಸೇರಿಸಿದರು. ಅವೂ ಗರಿಯ ಮರಗಳೇ, ಅವುಗಳ ಬೀಜವೂ ಗಟ್ಟಿ ಚಿಪ್ಪಿನದೇ. ಅವಿಭಕ್ತ ಕುಟುಂಬ ಬೆಳೆಯುತ್ತಲೇ ಹೋಯಿತು. ಆಮೇಲೆ ಬಂದವನು ಇಟಲಿಯ ಓಡೋಆರ್ಡೋ ಬೆಕ್ಕಾರಿ. ಸುಮಾತ್ರದ ಕಾಡಿನಲ್ಲಿ 1878ರಲ್ಲಿ ಆಳೆತ್ತರ ಮೀರುವ, ಹೆಣದ ನಾತ ಬೀರುವ ದೈತ್ಯ ಹೂವನ್ನು ಕಂಡು ಲೋಕಕ್ಕೆ ತಿಳಿಸಿದವನು ಇವನೇ. 1887ರಲ್ಲೊಮ್ಮೆ, 1916ರಲ್ಲಿ ಇನ್ನೊಮ್ಮೆ ಅವನು ಕೋಕೋಸ್ ಮನೆಯ ಪಾಲುಪಟ್ಟಿ ಮಾಡಿದ. ಸಿಯಾಗ್ರಸ್ ಒಂದು ಮನೆ, ಬ್ಯೂಟಿಯಾ ಇನ್ನೊಂದು ಮನೆ, ಹೀಗೆ ಒಬ್ಬೊಬ್ಬರನ್ನೇ ಬೇರೆ ಹಾಕುತ್ತ ಬಂದು ಕೊನೆಗೆ ಮೂಲ ಮನೆಯಲ್ಲಿ ಉಳಿದದ್ದು ತೆಂಗು ಮಾತ್ರ. ಬೇರೆಯಾದವರಲ್ಲಿ ಒಬ್ಬರನ್ನು ನೀವೂ ನೋಡಿರುತ್ತೀರಿ. ಬೆಂಗಳೂರಿನ ಬಡಾವಣೆಗಳಲ್ಲಿ ಗೇಟಿನ ಪಕ್ಕ ಅಲಂಕಾರಕ್ಕೆ ನೆಡುವ, ಕಿತ್ತಳೆ ಬಣ್ಣದ ಚಿಕ್ಕ ಹಣ್ಣಿನ ಗೊನೆ ಬಿಡುವ ಮರವದು. ನರ್ಸರಿಯವರು ಇವತ್ತಿಗೂ ಅದನ್ನು ಕೋಕಸ್ ಪ್ಲುಮೋಸ ಎಂಬ ಹಳೆಯ ಹೆಸರಿನಲ್ಲೇ ಮಾರುತ್ತಾರೆ. ಪಾಲಾಗಿ ನೂರು ವರ್ಷ ದಾಟಿದರೂ ಮನೆತನದ ಹೆಸರು ಬಿಟ್ಟಿಲ್ಲ.

ರಕ್ತ ಸಂಬಂಧ ಇದ್ದದ್ದಂತೂ ಸುಳ್ಳಲ್ಲ. ಗುರುತು ಕಾಯಿಯಲ್ಲೇ ಇದೆ. ಒಂದು ಕಾಯಿ ಸುಲಿದು ಜುಟ್ಟು ಕಿತ್ತು ನೋಡಿ. ಮೂರು ಕಣ್ಣು. ಮೂರೂ ಒಂದೇ ಥರ ಕಂಡರೂ ಬೆರಳಿಟ್ಟು ಒತ್ತಿದರೆ ಎರಡು ಕಲ್ಲಿನ ಹಾಗೆ, ಒಂದು ಮಾತ್ರ ಉಗುರಿಗೆ ಸಿಗುವಷ್ಟು ಮೆತ್ತಗೆ. ಹೂವಿನಲ್ಲಿ ಕೋಣೆಗಳು ಮೂರು ಇದ್ದರೂ ಬೀಜ ಕಟ್ಟುವುದು ಒಂದರಲ್ಲಿ. ಆ ಮೆತ್ತನೆಯ ಕಣ್ಣಿನ ಹಿಂದೆ ಮೊಳಕೆ ಕೂತಿರುತ್ತದೆ, ಹೊರಗೆ ಬರುವ ಬಾಗಿಲು ಅದೊಂದೇ. ಎಳನೀರಿಗೆ ಬೇಡವೆನಿಸಿದ ಬಲಿತ ಕಾಯಿಯ ನೀರನ್ನು ಹುಡುಗರು ಮೊಳೆಯಿಂದ ತೂತು ಮಾಡಿ ಹೀರುವುದೂ ಅದೇ ಕಣ್ಣಿನಿಂದ. ತೆಂಗಿನ ಬಳಗದವರಿಗೆಲ್ಲ ಬೀಜದ ಗಟ್ಟಿ ಚಿಪ್ಪಿನಲ್ಲಿ ಹೀಗೆ ಕಣ್ಣುಗಳಿರುತ್ತವೆ, ಸಾಮಾನ್ಯವಾಗಿ ಮೂರು. ಬೆಂಗಳೂರಿನ ಆ ಅಲಂಕಾರದ ಮರದ ಗೋಲಿಯಷ್ಟು ಬೀಜದಲ್ಲೂ ಇವೆ. ಅಡಿಕೆಯಲ್ಲಿ ಇಲ್ಲ, ಈಚಲಿನಲ್ಲಿ ಇಲ್ಲ. ತೋಟದಲ್ಲಿ ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತ ತೆಂಗು ಮತ್ತು ಅಡಿಕೆ ದೂರದ ನೆಂಟರು, ಅಷ್ಟೇ.

ಬಳಗದಲ್ಲಿ ಇನ್ನು ಯಾರಿದ್ದಾರೆ ಎಂದು ಕೇಳಿದರೆ ನಮ್ಮ ಕಡೆಯವರಿಗೆ ಸಿಟ್ಟು ಬರುತ್ತದೆ. ಮೂರು ಕಣ್ಣಿನ ಇದೇ ಬಳಗಕ್ಕೆ ಸೇರಿದ, ಪಶ್ಚಿಮ ಆಫ್ರಿಕಾ ಮೂಲದ ಒಂದು ಮರವಿದೆ. ಅದರ ಎಣ್ಣೆಗೆ ನಮ್ಮಲ್ಲಿ ಪಾಮೋಲಿನ್ ಎನ್ನುತ್ತಾರೆ. ಅದು ಹಡಗುಗಟ್ಟಲೆ ಬಂದಾಗಲೆಲ್ಲ ಕೊಬ್ಬರಿ ರೇಟು ಬಿತ್ತು ಎಂದು ತಿಪಟೂರಿನ ರೈತರು ದಶಕಗಳಿಂದ ದೂರುತ್ತಲೇ ಇದ್ದಾರೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಕಟ್ಟಿದಾಗ, ಮಂಡಿಯಲ್ಲಿ ಅಷ್ಟು ಹುಟ್ಟುತ್ತಿರಲಿಲ್ಲವಾಗಿ ಜನ ಖರೀದಿ ಕೇಂದ್ರದ ಮುಂದೆ ರಾತ್ರಿಯೇ ಬಂದು ಸಾಲು ನಿಂತಿದ್ದರು. ಆ ಸಾಲಿನಲ್ಲಿ ಯಾರಿಗಾದರೂ ಪಾಮೋಲಿನ್ ಮರವೂ ತೆಂಗೂ ಒಂದೇ ಬಳಗ ಎಂದು ಹೇಳಿದ್ದರೆ ಆಶ್ಚರ್ಯಪಡುತ್ತಿದ್ದರು ಎಂದು ನನಗನ್ನಿಸುವುದಿಲ್ಲ. ದಾಯಾದಿಯಲ್ಲದೆ ಇನ್ಯಾರು ಹೀಗೆ ಮಾಡುತ್ತಾರೆ!

ಒಂಟಿ ಮರ ಎಂಬುದನ್ನು ನಮ್ಮ ಕತೆಗಾರರು ತಮ್ಮದೇ ದಾರಿಯಲ್ಲಿ ಕಂಡುಕೊಂಡಿದ್ದರು. ಬ್ರಹ್ಮನ ಮೇಲೆ ಹಟ ಹಿಡಿದು ವಿಶ್ವಾಮಿತ್ರ ಬೇರೆ ಸೃಷ್ಟಿಗೆ ಕೈಹಾಕಿದಾಗ ಮನುಷ್ಯನ ತಲೆ ಮಾಡಲು ಹೋಗಿ ತೆಂಗಿನಕಾಯಿಯಷ್ಟಕ್ಕೇ ನಿಂತ ಎಂಬುದು ಹಳ್ಳಿಯ ಹಿರಿಯರ ಬಾಯಲ್ಲಿ ಕೇಳುವ ಮಾತು. ಜುಟ್ಟು, ಕಣ್ಣು, ಬುರುಡೆ ಎಲ್ಲಾ ಇದೆ, ಮುಂದಿನದು ಇಲ್ಲ. ಬ್ರಹ್ಮನ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅಣ್ಣತಮ್ಮಂದಿರು ಎಲ್ಲಿಂದ ಬರಬೇಕು? ಬೆಕ್ಕಾರಿಯ ಪಾಲುಪಟ್ಟಿಗಿಂತ ನನಗೆ ಈ ಕತೆಯೇ ಹೆಚ್ಚು ಇಷ್ಟ. ಆದರೆ ಬೆಕ್ಕಾರಿಯದು ಸರಿ.

ತೆಂಗಿನ ನೆಂಟರನ್ನು ಹುಡುಕಿಕೊಂಡು ಹೋದರೆ ಕಾಲಿಗೆ ಚಕ್ರ ಕಟ್ಟಿಕೊಳ್ಳಬೇಕು. ವಂಶವಾಹಿಯ ಲೆಕ್ಕ ನೋಡಿದವರು ಸಿಯಾಗ್ರಸ್ ಮನೆಯವರೇ ಅತಿ ಹತ್ತಿರದವರು, ಇಬ್ಬರೂ ಬೇರೆಯಾಗಿ ಸುಮಾರು 3.5 ಕೋಟಿ ವರ್ಷವಾಗಿರಬೇಕು ಎಂದು 2009ರಲ್ಲಿ ಬರೆದರು. ಅವರು ಹೆಚ್ಚಾಗಿ ಇರುವುದು ದಕ್ಷಿಣ ಅಮೆರಿಕದಲ್ಲಿ. ಇನ್ನೊಬ್ಬ ನೆಂಟ ದಕ್ಷಿಣ ಆಫ್ರಿಕಾದ ನದಿಯ ದಂಡೆಯಲ್ಲಿದ್ದಾನೆ. ಮತ್ತೊಬ್ಬ ಮಡಗಾಸ್ಕರಿನ ಕಾಡಿನೊಳಗೆ ಬೆರಳೆಣಿಕೆಯ ಮರಗಳಾಗಿ ಉಳಿದುಕೊಂಡಿದ್ದಾನೆ. ವೊವಾನಿಯೋಲ ಎಂಬ ಹೆಸರಿನ ಆ ಮರ ಹೊರಗಿನ ವಿದ್ವಾಂಸರ ಕಣ್ಣಿಗೆ ಬಿದ್ದದ್ದೇ ಇತ್ತೀಚೆಗೆ, ಹೆಸರಿಟ್ಟದ್ದು 1989ರಲ್ಲಿ. ತೆಂಗಿನ ಒಂದೊಂದು ಜೀವಕೋಶದಲ್ಲಿ 32 ಕ್ರೋಮೋಸೋಮುಗಳಿದ್ದರೆ ಅದರಲ್ಲಿ ಆರುನೂರರ ಆಸುಪಾಸು. ಅಷ್ಟನ್ನು ಇಟ್ಟುಕೊಂಡು ಅದು ಏನು ಮಾಡುತ್ತದೋ ದೇವರೇ ಬಲ್ಲ. ತೆಂಗು 32ರಲ್ಲೇ ಲೋಕ ಗೆದ್ದಿತು.

ಇಷ್ಟು ದೂರ ಹೋಗುವುದು ಬೇಡ ಎನ್ನುವವರಿಗೆ ಹತ್ತಿರದಲ್ಲೂ ಸಾಕ್ಷಿ ಇದೆ, ಆದರೆ ಕಲ್ಲಾಗಿದೆ. ರಾಜಸ್ಥಾನದ ಬಾರ್ಮೇರ್ ಜಿಲ್ಲೆಯ ಕಪೂರಡಿಯ ಜೇಡಿಮಣ್ಣಿನಲ್ಲಿ ತೆಂಗಿನಂಥ ಕಾಯಿಯ ಪಳೆಯುಳಿಕೆ ಸಿಕ್ಕಿತು. 1951ರಲ್ಲಿ ಅದಕ್ಕೆ ಪಳೆಯುಳಿಕೆ ಸಸ್ಯಗಳ ವಿಜ್ಞಾನಿ ಬೀರಬಲ್ ಸಾಹನಿಯವರ ನೆನಪಿಗೆ ಕೋಕೋಸ್ ಸಾಹನಿಐ ಎಂದು ಹೆಸರಿಟ್ಟರು. ಮಧ್ಯಪ್ರದೇಶದ ಮೋಹಗಾಂವ್ ಕಲಾನ್‌ನಲ್ಲಿ, ದಖನ್ನಿನ ಲಾವಾ ಪದರಗಳ ನಡುವೆ ಸಿಲುಕಿದ ಮಣ್ಣಿನಲ್ಲಿ, ಅದಕ್ಕಿಂತ ಹಳೆಯದು ಇನ್ನೊಂದು ಸಿಕ್ಕಿದೆ. ಇವು ನಿಜಕ್ಕೂ ತೆಂಗೇ, ಅಥವಾ ಅದರ ಚಿಕ್ಕಪ್ಪ ದೊಡ್ಡಪ್ಪನ ಕಡೆಯವೇ ಎಂಬ ವಾದ ಮುಗಿದಿಲ್ಲ. ಇವತ್ತು ಕುಡಿಯುವ ನೀರಿಗೆ ಪರದಾಡುವ ಬಾರ್ಮೇರಿನಲ್ಲಿ ಒಂದು ಕಾಲಕ್ಕೆ ಸಮುದ್ರ ತೀರವೂ ತೆಂಗಿನಂಥ ಮರಗಳೂ ಇದ್ದವು ಎಂಬುದನ್ನು ಕೊಳವೆಬಾವಿ ಬತ್ತಿದ ನಮ್ಮ ಕಡೆಯವರು ಒಮ್ಮೆ ಯೋಚಿಸಿ ನೋಡಬೇಕು.

ಹಾಗಾದರೆ ಈ ಮರದ ಸ್ವಂತ ಊರು ಯಾವುದು? ಲಂಡನ್ನಿನ ಕ್ಯೂ ಉದ್ಯಾನದವರು ಲೋಕದ ಗಿಡಮರಗಳಿಗೆಲ್ಲ ತವರು ಗುರುತಿಸಿ ಪಟ್ಟಿ ಇಟ್ಟಿದ್ದಾರೆ. ಅವರ ಪ್ರಕಾರ ತೆಂಗಿನ ತವರು ಆಗ್ನೇಯ ಏಷ್ಯಾದ ದ್ವೀಪಗಳಿಂದ ನೈಋತ್ಯ ಪೆಸಿಫಿಕ್ ತನಕ. ಭಾರತಕ್ಕೆ ಅದು ಹೊರಗಿನಿಂದ ಬಂದದ್ದು. ಇದನ್ನು ಓದಿದಾಗ ನನಗೆ ಸ್ವಲ್ಪ ಇರುಸುಮುರುಸಾಯಿತು ಎನ್ನಬೇಕು. ಕಲ್ಪತರು ನಾಡು ಎಂದು ಬೋರ್ಡು ಹಾಕಿಕೊಂಡು, ಕಾಲೇಜಿಗೂ ಬ್ಯಾಂಕಿಗೂ ಅದೇ ಹೆಸರಿಟ್ಟು ಕೂತವರಿಗೆ ನಿಮ್ಮ ಕಲ್ಪತರು ಪರದೇಶಿ ಎಂದರೆ ಹೇಗೆ? ಪುಣ್ಯಕ್ಕೆ 2011ರಲ್ಲಿ ಬೀ ಗನ್, ಲುಕ್ ಬೋಡ್ವಾ, ಕೆನೆತ್ ಓಲ್ಸನ್ ಎಂಬ ಮೂವರು ಲೋಕದ ಮೂಲೆಮೂಲೆಯ 1,300ಕ್ಕೂ ಹೆಚ್ಚು ಮರಗಳ ಡಿಎನ್‌ಎ ಹೋಲಿಸಿ ನೋಡಿದರು. ಎಲ್ಲವೂ ಎರಡು ಗುಂಪಾಗಿ ಒಡೆದವು. ಒಂದು ಪೆಸಿಫಿಕ್ ಸಾಗರದ್ದು, ಇನ್ನೊಂದು ಹಿಂದೂ ಮಹಾಸಾಗರದ್ದು. ಮನುಷ್ಯ ತೆಂಗನ್ನು ಒಗ್ಗಿಸಿಕೊಂಡದ್ದು ಒಂದು ಕಡೆಯಲ್ಲ, ಎರಡು ಕಡೆ, ಬೇರೆ ಬೇರೆಯಾಗಿ. ಆ ಎರಡನೆಯದು ಭಾರತದ ದಕ್ಷಿಣದ ಅಂಚು, ಶ್ರೀಲಂಕಾ, ಲಕ್ಷದ್ವೀಪ, ಮಾಲ್ಡೀವ್ಸ್ ಇರುವ ಭಾಗ. ಮಡಗಾಸ್ಕರಿನ ಕಡೆ ಮಾತ್ರ ಎರಡೂ ಬೆರೆತಿವೆ. ಅಷ್ಟು ದೂರ ದೋಣಿಯಲ್ಲಿ ಬಂದು ನೆಲೆಸಿದ ಇಂಡೊನೇಷ್ಯಾ ಕಡೆಯ ಜನ ಕಾಯಿಯನ್ನೂ ತಂದಿದ್ದರ ಗುರುತು ಅದು.

ಕರಾವಳಿಯವರು ಈಗ ನಗಬಹುದು. ಹಿಂದೂ ಮಹಾಸಾಗರದ ತೀರ ಎಂದರೆ ಅವರದು. ನಾವಿರುವುದು ತೀರದಿಂದ ಘಟ್ಟ ಹತ್ತಿ ಬಂದು, ಸುಮಾರು 800 ಮೀಟರ್ ಎತ್ತರದ ಬಯಲಿನಲ್ಲಿ. ಮಳೆ ಕರಾವಳಿಗೆ ಹೋಲಿಸಿದರೆ ಐದರಲ್ಲೊಂದು ಪಾಲೂ ಇಲ್ಲ. ತೆಂಗಿನ ಪುಸ್ತಕಗಳು ಈ ಮರಕ್ಕೆ ಬೇಕೆಂದು ಹೇಳುವ ಉಪ್ಪುಗಾಳಿ, ಮರಳು ನೆಲ, ತುಂಬು ಮಳೆ ಒಂದೂ ಇಲ್ಲಿಲ್ಲ. ನಿಜವಾದ ಸ್ಥಳೀಯ ಎಂದರೆ ಈಚಲು. ಅದನ್ನು ಯಾರೂ ನೆಡಲಿಲ್ಲ, ಯಾರೂ ನೀರು ಹಾಯಿಸಲಿಲ್ಲ, ಹಳ್ಳದಲ್ಲಿ ತಾನಾಗಿ ಎದ್ದು ನಿಂತಿದೆ. ಅದಕ್ಕೆ ನಾವು ಯಾವ ಕಲ್ಪನಾಮವನ್ನೂ ಕೊಟ್ಟಿಲ್ಲ. ತೆಂಗಾದರೋ ಕೈ ಬಿಟ್ಟರೆ ಇಲ್ಲಿ ಉಳಿಯುವ ಮರವಲ್ಲ. 2012ರಿಂದಾಚೆಗೆ ಸಾಲುಸಾಲು ಬರ ಬಿದ್ದಾಗ ಸಾವಿರ ಅಡಿ ಕೊರೆದರೂ ಬೋರಿನಲ್ಲಿ ಧೂಳು ಬಂದು, ಸುಳಿ ಬಾಗಿ, ತಲೆ ಕಳಚಿ ಬಿದ್ದು, ಬರೀ ಕಂಬಗಳಾಗಿ ನಿಂತ ತೋಟಗಳನ್ನು ಚಿಕ್ಕನಾಯಕನಹಳ್ಳಿ, ಅರಸೀಕೆರೆ ರಸ್ತೆಯಲ್ಲಿ ಹೋದವರೆಲ್ಲ ನೋಡಿದ್ದಾರೆ. ಹೇಮಾವತಿ ನೀರು ಬಿದ್ದ ಕೆರೆಯ ಕೆಳಗಿನವರು ಬಚಾವಾದರು.

ತುರುವೇಕೆರೆ ಕಡೆಯ ನಮ್ಮ ದೊಡ್ಡಪ್ಪ ಸಸಿ ಇಡುವಾಗ ಗುಂಡಿಗೆ ಕೆರೆಗೋಡು, ಹಟ್ಟಿಗೊಬ್ಬರ ಹಾಕಿ, ಮೇಲೆ ಎರಡು ಹಿಡಿ ಕಲ್ಲುಪ್ಪು ಚೆಲ್ಲುತ್ತಾರೆ. ಯಾಕೆ ಎಂದು ಕೇಳಿದ್ದೆ.

"ಗೆದ್ದಲು ಹತ್ತಬಾರದು ಅಂತ ಕಣೋ."

"ಅದು ಸಮುದ್ರದ ದಂಡೆಯ ಮರ ಅಂತೆ ದೊಡ್ಡಪ್ಪ. ಉಪ್ಪಿನಲ್ಲಿರೋ ಕ್ಲೋರಿನ್ನು ಬೇರೆ ಬೆಳೆಗಿಂತ ಅದಕ್ಕೆ ಹೆಚ್ಚು ಬೇಕಂತೆ. ಫಿಲಿಪೀನ್ಸಿನಲ್ಲಿ ಉಪ್ಪನ್ನ ಗೊಬ್ಬರದ ಥರ ಹಾಕ್ತಾರಂತೆ."

"ಹಾಕ್ಲಿ ಬಿಡು. ಸಮುದ್ರ ಎಲ್ಲೈತೆ, ನಾವೆಲ್ಲಿದೀವಿ? ಇದು ನಮ್ಮ ತಾತ ಇಟ್ಟ ಮರದ ಕಾಯಿ."

ತವರಿನ ಪ್ರಶ್ನೆ ಅವರ ಮಟ್ಟಿಗೆ ಅಲ್ಲಿಗೆ ಇತ್ಯರ್ಥವಾಯಿತು. ಉಪ್ಪಿನ ಕೆಲಸ ಗೆದ್ದಲಿನ ಮೇಲೋ ಗಿಡದ ಮೇಲೋ, ಎರಡು ಹಿಡಿ ಹಾಕುವುದು ತಪ್ಪಿಲ್ಲ.

ನೆಲ ಒಗ್ಗದಿದ್ದರೂ ಗಾಳಿ ಒಗ್ಗಿತು, ನಮ್ಮ ಬಯಲಿನ ಅದೃಷ್ಟ ಇಷ್ಟೇ. ಕರಾವಳಿಯ ತೇವದಲ್ಲಿ ಕಾಯಿಯನ್ನು ಇಟ್ಟರೆ ಕೆಡುತ್ತದೆ, ಇಲ್ಲವೆ ಮೊಳೆಯುತ್ತದೆ. ಅವರು ಒಡೆದು ಹೋಳು ಮಾಡಿ ಒಣಗಿಸಿ ಗಾಣಕ್ಕೆ ಹಾಕುತ್ತಾರೆ. ನಮ್ಮ ಒಣ ಗಾಳಿಯಲ್ಲಿ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಮರೆತುಬಿಡಬಹುದು. ಎಂಟು ತಿಂಗಳು, ಹತ್ತು ತಿಂಗಳು, ಕೆಲವೊಮ್ಮೆ ವರ್ಷ. ನಮ್ಮ ಮನೆಯ ಅಟ್ಟ ಅಡುಗೆಮನೆಯ ಮೇಲೆಯೇ ಇತ್ತು. ಅಡಿಯ ತೊಲೆಗಳ ನಡುವೆ ಸಂದು ಬಿಟ್ಟಿದ್ದ ಆ ಅಟ್ಟಕ್ಕೆ ಕೆಳಗಿನ ಒಲೆಯ ಹೊಗೆ, ಬಿಸಿ ಹೋಗುತ್ತಿತ್ತು. ಒಳಗಿನ ನೀರು ಮೆಲ್ಲಗೆ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗುಂಡಾಗಿ ಕೂರುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮೊದಮೊದಲು ಗುಳುಗುಳು, ಆಮೇಲೆ ಸದ್ದೇ ಇಲ್ಲ, ಕೊನೆಗೆ ಗಡಗಡ. ಗಡಗಡ ಎಂದರೆ ಕೊಬ್ಬರಿಯಾಯಿತು. ಮಟ್ಟೆ ಸುಲಿದು, ಗುಂಡಿಗೆ ಏಟು ತಾಗದಂತೆ ಚಿಪ್ಪಿನ ಸುತ್ತ ಕತ್ತಿಯ ಬೆನ್ನಿನಿಂದ ಬಡಿಯುವ ಹೆಂಗಸರ ಕೈ ನೋಡಬೇಕು. ಚಿಪ್ಪು ಸಿಡಿದು ಹೋಗುತ್ತದೆ, ಗಿಟುಕು ಒಂದು ಗೀರೂ ಇಲ್ಲದೆ ಉರುಳಿ ಬರುತ್ತದೆ. ಕಂದು ಸಿಪ್ಪೆಯ ಮೇಲೆ ಮೆತ್ತನೆಯ ಕಣ್ಣಿನ ಜಾಗ ಆಗಲೂ ಮಸುಕಾಗಿ ಕಾಣುತ್ತದೆ. ತಿಪಟೂರಿನ ಎಪಿಎಂಸಿಯಿಂದ ಅದು ದೆಹಲಿ, ಉತ್ತರಪ್ರದೇಶ, ರಾಜಸ್ಥಾನದ ಮದುವೆ ಮತ್ತು ಚಳಿಗಾಲದ ತಿನಿಸುಗಳಿಗೆ ಹೋಗುತ್ತದೆ. ರಾಜಸ್ಥಾನ ಎಂದಾಗ ಕಪೂರಡಿಯ ಕಲ್ಲುಕಾಯಿ ನೆನಪಾಗದೆ ಇರುವುದಿಲ್ಲ. ತೆಂಗು ಅಲ್ಲಿಗೆ ಈಗ ಲಾರಿಯಲ್ಲಿ ಹೋಗುತ್ತದೆ.

ತೆಂಗಿನ ಓಡಾಟದಲ್ಲಿ ಇದಕ್ಕಿಂತ ವಿಚಿತ್ರದ್ದು ಇನ್ನೊಂದಿದೆ. ಸಿನಿಮಾದಲ್ಲಿ, ಪ್ರವಾಸದ ಜಾಹೀರಾತಿನಲ್ಲಿ ಬರುವ ವೆಸ್ಟ್ ಇಂಡೀಸ್ ಸಮುದ್ರ ತೀರದ ಬಾಗಿದ ತೆಂಗಿನ ಮರಗಳು ಅಲ್ಲಿಯವಲ್ಲ. ಕೊಲಂಬಸ್ ಹೋದಾಗ ಅಟ್ಲಾಂಟಿಕ್‌ನ ಯಾವ ದಡದಲ್ಲೂ ತೆಂಗು ಇರಲಿಲ್ಲ. ವಾಸ್ಕೋ ಡ ಗಾಮ ದಾರಿ ಕಂಡುಹಿಡಿದ ಮೇಲೆ ಪೋರ್ಚುಗೀಸರು ಹಿಂದೂ ಮಹಾಸಾಗರದ ಕಾಯಿಗಳನ್ನು ಪಶ್ಚಿಮ ಆಫ್ರಿಕಾಕ್ಕೆ ಒಯ್ದರು. ಅಲ್ಲಿಂದ ಅವು ಆಚೆ ದಡ ಸೇರಿದವು. ಡಿಎನ್‌ಎ ಕೂಡ ಅದನ್ನೇ ಹೇಳುತ್ತದೆ, ಅವು ನಮ್ಮ ಗುಂಪಿನವು. ಇಲ್ಲಿಂದ ಹೋದ ಮಗಳ ಕಡೆಯಿಂದ ಬಂದ ಮರುಬಾಗಿನವೂ ಒಂದಿದೆ. ಮೆಕ್ಸಿಕೋದ ಗೆರೆರೊ ಪ್ರಾಂತ್ಯದ ತೆಂಗಿನಕಾಯಿಯಲ್ಲಿ ಸಿಕ್ಕ ಬರಿಗಣ್ಣಿಗೆ ಕಾಣದ ಒಂದು ನುಸಿಗೆ 1965ರಲ್ಲಿ ಹೆಸರಿಟ್ಟಿದ್ದರು. 1998ರಲ್ಲಿ ಅದು ಕೇರಳದ ಎರ್ನಾಕುಲಂನಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ನಮ್ಮ ತೋಟಕ್ಕೆ ಬರಲು ಬಹಳ ದಿನ ತೆಗೆದುಕೊಳ್ಳಲಿಲ್ಲ. ಹರಳಿನ, ಅಂದರೆ ಎಳೆಯ ಮಿಡಿಯ, ತೊಟ್ಟಿನ ತೊಪ್ಪಿಗೆಯ ಅಡಿಯಲ್ಲಿ ಕೂತು ರಸ ಹೀರಿ, ಕಾಯಿ ಬೆಳೆದಂತೆ ಮೈಯೆಲ್ಲ ಕಂದು ಬಿರುಕು ಬಿಡಿಸಿ, ಮುಷ್ಟಿಯಷ್ಟಕ್ಕೇ ನಿಲ್ಲಿಸಿಬಿಡುತ್ತದೆ. ಆ ವರ್ಷಗಳಲ್ಲಿ ಗೊನೆ ಇಳಿಸಿದರೆ ನೆಲದ ಮೇಲೆ ಸುಟ್ಟ ಬದನೆಕಾಯಿ ರಾಶಿ ಹಾಕಿದಂತೆ ಕಾಣುತ್ತಿತ್ತು. ಈ ನುಸಿ ತೆಂಗಿನ ಜೊತೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಅದು ಸಿಯಾಗ್ರಸ್ ಮರದ ಮೇಲೂ ಬಾಳುತ್ತದೆ. ಪಾಲು ತೆಗೆದುಕೊಂಡು ಹೋದ ಆ ಮನೆಯವರಿಂದಲೇ ತೆಂಗಿಗೆ ಹತ್ತಿತೇ ಎಂಬ ಅನುಮಾನ ನನಗಿದೆ.

ಒಬ್ಬನೇ ಮಗ ಎಂದಮೇಲೆ ಅವನಲ್ಲೇ ನಾನಾ ರೂಪ ಹುಡುಕಬೇಕಾಗುತ್ತದೆ. ಬೇರೆ ಪ್ರಭೇದದೊಂದಿಗೆ ಕೂಡಿಸೋಣವೆಂದರೆ ಬೇರೆ ಪ್ರಭೇದವೇ ಇಲ್ಲ. ಆ ಹುಡುಕಾಟಕ್ಕೆ ನೆಲೆಯಾದ ಕಾಸರಗೋಡು ಆಗ ಮದ್ರಾಸಿನ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1916ರಲ್ಲಿ ಅಲ್ಲಿ ತೆಂಗಿನ ಸಂಶೋಧನೆ ಶುರುವಾಯಿತು. ಹತ್ತಿರದ ನೀಲೇಶ್ವರದಲ್ಲಿ 1932ರಲ್ಲಿ ಜೆ.ಎಸ್. ಪಟೇಲ್ ಎತ್ತರದ ಮರಕ್ಕೆ ಗಿಡ್ಡ ಮರದ ಪರಾಗ ಮುಟ್ಟಿಸಿ ಮಿಶ್ರತಳಿ ತೆಂಗು ಮಾಡಿದರು. ಗಿಡ್ಡ ಮರ ತನ್ನ ಹೊಂಬಾಳೆಯಲ್ಲೇ ಗಂಡು ಹೆಣ್ಣು ಎರಡೂ ಒಟ್ಟಿಗೆ ಬಲಿತು ಹೆಚ್ಚಾಗಿ ತನ್ನೊಳಗೇ ಕೂಡಿಕೊಳ್ಳುತ್ತದೆ. ಎತ್ತರದ ಮರದಲ್ಲಿ ಗಂಡು ಹೂ ಮುಗಿದ ಮೇಲೆ ಹೆಣ್ಣು ಹೂ ತೆರೆಯುವುದರಿಂದ ಪಕ್ಕದ ಮರದ ಹಂಗು ಬೇಕು. ಈಗ ಸುಬ್ರಹ್ಮಣ್ಯದ ಹತ್ತಿರ ಕಿದು ಎಂಬಲ್ಲಿ ದಕ್ಷಿಣ ಏಷ್ಯಾದ ತೆಂಗಿನ ತಳಿಗಳನ್ನೆಲ್ಲ ಕೂಡಿಟ್ಟ ಅಂತರರಾಷ್ಟ್ರೀಯ ತೋಟವಿದೆ. ನಮ್ಮ ತಿಪಟೂರು ಟಾಲ್ ಕೂಡ ಹೆಸರಿರುವ ತಳಿ, ಕೊಬ್ಬರಿಗೆ ಎತ್ತಿದ ಕೈ. ಊರಿನ ಹೆಸರಿನಲ್ಲಿ ಮರಕ್ಕೆ ಮನೆತನ ಕಟ್ಟಿಕೊಟ್ಟದ್ದು ಹೀಗೆ.

ದೊಡ್ಡಪ್ಪನಿಗೆ ತೋಟದ ಖಾಲಿ ಜಾಗಕ್ಕೆ ಸಸಿ ಬೇಕಾದಾಗ ಮಿಶ್ರತಳಿ ತಂದುಕೊಡಲೇ ಎಂದು ಕೇಳಿದೆ. ಬೇಡವೆಂದರು. ಕೊಟ್ಟಿಗೆಯ ಹಿಂದಿನ ಒಂದು ಮರ ಅವರ ಪಾಲಿಗೆ ತಾಯಿಮರ. ಗರಿ ಕೊಡೆಯಂತೆ ಹರಡಿ, ಗೊನೆಗಳು ಗರಿಗಳ ಮೇಲೆ ಭಾರ ಬಿಟ್ಟು ಕೂತ, ಬರದ ವರ್ಷಗಳಲ್ಲೂ ಹರಳು ಉದುರಿಸದ ಮರ. ಅದರ ಕಾಯಿ ಹಗ್ಗದಲ್ಲಿ ಇಳಿಸಿ, ನೆರಳಲ್ಲಿಟ್ಟು, ಮಡಿ ಮಾಡಿ ನೆಟ್ಟರು. ಮೂರು ತಿಂಗಳಿಗೆ ಮೊದಲ ಮೂತಿ ಕಂಡಿತು. ಬೇಗ ಬಂದವನ್ನು ಒಂದು ಕಡೆ ಗುರುತಿಟ್ಟರು, ಐದು ತಿಂಗಳಾದರೂ ಏಳದ್ದನ್ನು ಕಿತ್ತು ಹೊರಗೆ ಹಾಕಿದರು.

ಮಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ದೊಡ್ಡಪ್ಪ ಮಾಡುತ್ತಿದ್ದ ಈ ಕೆಲಸದ ಬಗ್ಗೆ ಹ್ಯೂ ಹ್ಯಾರಿಸ್ ಎಂಬ ವಿದ್ವಾಂಸ 1978ರಲ್ಲಿ ಒಂದು ದೊಡ್ಡ ವಾದವನ್ನೇ ಕಟ್ಟಿದ್ದ. ಸಮುದ್ರ ಬೆಳೆಸಿದ ತೆಂಗು ಉದ್ದನೆಯ, ಏಣು ಎದ್ದ, ದಪ್ಪ ಮಟ್ಟೆಯ ಕಾಯಿಯದು. ತಿಂಗಳುಗಟ್ಟಲೆ ತೇಲಬೇಕಾದ್ದರಿಂದ ಅದು ತಡವಾಗಿ ಮೊಳೆಯುತ್ತದೆ. ನಡುನೀರಿನಲ್ಲೇ ಮೊಳೆತರೆ ಕತೆ ಮುಗಿಯಿತು. ಹವಾಯಿಯಲ್ಲಿ 110 ದಿನ ಸಮುದ್ರದ ನೀರಿನಲ್ಲಿ ತೇಲಿಬಿಟ್ಟ ಕಾಯಿಗಳು ಆಮೇಲೂ ಮೊಳೆತದ್ದುಂಟು. ಮನುಷ್ಯ ಬೆಳೆಸಿದ ತೆಂಗು ದುಂಡನೆಯ, ತುಂಬು ನೀರಿನ, ಬೇಗ ಮೊಳೆಯುವ ಕಾಯಿಯದು. ಪೆಸಿಫಿಕ್‌ನ ಸಮೋವಾ ದ್ವೀಪದವರು ಮೊದಲನೆಯದಕ್ಕೆ ನಿಯು ಕಾಫ ಎಂದೂ ಎರಡನೆಯದಕ್ಕೆ ನಿಯು ವಾಯಿ ಎಂದೂ ಹೇಳುತ್ತಾರೆ. ಮೊದಲನೆಯದು ಎರಡನೆಯದಾದದ್ದು ಹೇಗೆ? ತಡವಾಗಿ ಎದ್ದದ್ದನ್ನು ತಲೆಮಾರುಗಟ್ಟಲೆ ಯಾರೋ ಕಿತ್ತು ಹೊರಗೆ ಹಾಕುತ್ತ ಬಂದದ್ದರಿಂದ.

ಇದನ್ನೂ ದೊಡ್ಡಪ್ಪನಿಗೆ ಹೇಳಿದೆ. ಅವರು ಕಿತ್ತು ಹಾಕಿದ ರಾಶಿಯ ಕಡೆ ನೋಡಿದರು. ಅದರಲ್ಲಿ ಕೆಲವು ಆ ಹೊತ್ತಿಗೆ ನಾಚಿಕೊಂಡಂತೆ ಮೂತಿ ಹೊರಹಾಕಿದ್ದವು. "ಸಮುದ್ರದಾಗೆ ಜಾಣರಂತೋ ಇವು? ಇಲ್ಲಿ ಸೋಮಾರಿಗಳು" ಎಂದು ಕುಡುಗೋಲಿನಿಂದ ಒಂದನ್ನು ಹೋಳು ಮಾಡಿ, ಒಳಗೆ ಕಟ್ಟಿಕೊಂಡಿದ್ದ ಬಿಳಿಯ ಸಿಹಿ ಗುಂಡನ್ನು ಕಿತ್ತು ಮೊಮ್ಮಗನ ಕೈಗಿಟ್ಟರು. ಹುಡುಗ ಅದನ್ನು ತಿಂದು ಇನ್ನೊಂದು ಕೇಳಿದ. ರಾಶಿ ಸಂಜೆಯೊಳಗೆ ಖಾಲಿಯಾಯಿತು.